ಟೆಕ್ಸ್ಚರ್ ಇಳಿಸಿ ಎಫ್‌ಪಿಎಸ್ ಏರಿಸುವವರಿಗೆ

ದಾವಣಗೆರೆಯಲ್ಲಿ ಪಿಯುಸಿ ಪರೀಕ್ಷೆ ಮುಗಿಯುತ್ತಿದ್ದಂತೆ ನಮ್ಮ ಅಂಗಡಿಗೆ ಬಂದು ಬೀಳುವ ಸಿಪಿಯು ಪೆಟ್ಟಿಗೆಗಳಲ್ಲಿ ಬಹುಪಾಲು ಕೆಟ್ಟೇ ಇರುವುದಿಲ್ಲ. ಒಳಗಿನ ಗ್ರಾಫಿಕ್ಸ್ ಕಾರ್ಡಿಗೆ ವಯಸ್ಸಾಗಿರುತ್ತದೆ, ಅಷ್ಟೇ. ಜಿಟಿಎಕ್ಸ್ 750 ಟಿಐ, 1050 ಟಿಐ, ಆರ್‌ಎಕ್ಸ್ 570. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅಣ್ಣ ಹೊಸ ಕಾರ್ಡ್ ತಗೊಂಡಾಗ ತಮ್ಮನಿಗೆ ದಾಟಿಸಿದ್ದು, ಇಲ್ಲವೇ ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡಿದ್ದು. ಹುಡುಗರು ಒಳಗೆ ಕಾಲಿಡುವ ಮೊದಲೇ ಶುರು ಮಾಡುತ್ತಾರೆ: "ಅಣ್ಣಾ, ಎಲ್ಲಾ ಲೋಗೆ ಹಾಕೀನಿ, ಟೆಕ್ಸ್ಚರ್ ಅಂತೂ ಪೂರ್ತಿ ಇಳಿಸೀನಿ, ಆದ್ರೂ ಎಫ್‌ಪಿಎಸ್ ಬರ್ತಿಲ್ಲ." ಎಫ್‌ಪಿಎಸ್ ಅಂದರೆ ಪರದೆಯ ಮೇಲೆ ಸೆಕೆಂಡಿಗೆ ಮೂಡುವ ಚಿತ್ರಗಳ, ಅಂದರೆ ಫ್ರೇಮುಗಳ ಲೆಕ್ಕ. ಟೆಕ್ಸ್ಚರ್ ಅಂದರೆ ಗೇಮಿನ ಗೋಡೆ, ನೆಲ, ಬಟ್ಟೆಗಳ ಮೇಲೆ ಅಂಟಿಸಿದ ಚಿತ್ರ.

ಗೇಮ್ ಹಾಕಿ ನೋಡಿದರೆ ಗೋಡೆಯ ಮೇಲಿನ ಬೋರ್ಡಿನಲ್ಲಿ ಒಂದಕ್ಷರ ಓದಲಾಗುವುದಿಲ್ಲ, ಅಷ್ಟು ಮಸುಕು. ಅದೇ ಗೋಡೆಯ ಬುಡದಲ್ಲಿ ಬಿದ್ದಿರುವ ಮರದ ನೆರಳಿನಲ್ಲಿ ಮಾತ್ರ ಎಲೆಗಳನ್ನು ಒಂದೊಂದಾಗಿ ಎಣಿಸಬಹುದು. "ಎಲ್ಲಾ" ಅಂದರೆ ಸೆಟ್ಟಿಂಗಿನ ಮೊದಲ ಪುಟದಲ್ಲಿ ಕಣ್ಣಿಗೆ ಬಿದ್ದದ್ದು. ಕೆಳಕ್ಕೆ ಜರುಗಿಸಿ ನೋಡುವ ತಾಳ್ಮೆ ಯಾರಿಗಿದೆ!

ಡ್ರೈವರ್ ಹಾಕುವುದು, ಮಾನಿಟರ್ ಕೇಬಲನ್ನು ಮದರ್‌ಬೋರ್ಡಿಗಲ್ಲ, ಗ್ರಾಫಿಕ್ಸ್ ಕಾರ್ಡಿಗೇ ಚುಚ್ಚುವುದು ಇವನ್ನೆಲ್ಲ ನಾನಿಲ್ಲಿ ಹೇಳಿಕೊಡುವುದಿಲ್ಲ. ಅನುಮಾನ ಇದ್ದವರು ಈಗಲೇ ಎದ್ದುಹೋಗಿ ಟೇಬಲ್ ಹಿಂದೆ ಬಗ್ಗಿ ನೋಡಿ ಬನ್ನಿ. ನನಗೆ ಹೇಳಬೇಕಿರುವುದು ಒಂದೇ ಸಂಗತಿ. ಟೆಕ್ಸ್ಚರ್ ಕೇಳುವುದು ಜಾಗವನ್ನು. ನೆರಳು, ಹುಲ್ಲು, ಮಂಜು, ಪ್ರತಿಬಿಂಬ, ರೆಸಲ್ಯೂಶನ್ ಇವು ಕೇಳುವುದು ದುಡಿಮೆಯನ್ನು. ಎರಡೂ ಬೇರೆ ಬೇರೆ ಲೆಕ್ಕ.

ನಮ್ಮ ಎಪಿಎಂಸಿಯನ್ನೇ ತಗೊಳ್ಳಿ. ಮೆಕ್ಕೆಜೋಳದ ಸುಗ್ಗಿಯಲ್ಲಿ ಗೋದಾಮಿನೊಳಗೆ ನೂರು ಚೀಲ ಬಿದ್ದಿರಲಿ, ಇನ್ನೂರು ಬಿದ್ದಿರಲಿ, ಜಾಗ ಇರುವ ತನಕ ಹಮಾಲರಿಗೆ ಅದರಿಂದ ಹೆಚ್ಚಿನ ಶ್ರಮವಿಲ್ಲ. ಕೇಳಿದ ಚೀಲ ಕೈಗೆಟುಕುವಂತಿದೆ, ಎತ್ತಿ ಕೊಡುತ್ತಾರೆ. ಗೋದಾಮು ತುಂಬಿ, ಉಳಿದ ಚೀಲಗಳನ್ನು ಊರಾಚೆಯ ಇನ್ನೊಂದು ಶೆಡ್ಡಿನಲ್ಲಿ ಇಟ್ಟ ದಿನ ಕಥೆ ಬೇರೆ. ಪ್ರತಿ ಸಲವೂ ಗಾಡಿ ಕಳಿಸಬೇಕು, ಅದು ಬರುವ ತನಕ ಎಲ್ಲರೂ ಬೀಡಿ ಹಚ್ಚಿಕೊಂಡು ಕೂರಬೇಕು. ಕಾರ್ಡಿನ ಮೇಲಿರುವ ಮೆಮೊರಿ, ಅಂದರೆ ವಿ-ರ್‍ಯಾಮ್ ಈ ಗೋದಾಮು. ಚೀಲಗಳು ಟೆಕ್ಸ್ಚರ್, ಹಮಾಲರು ಕಾರ್ಡಿನ ಚಿಪ್ಪು, ಅಂದರೆ ಜಿಪಿಯು. ಊರಾಚೆಯ ಶೆಡ್ಡು ಮದರ್‌ಬೋರ್ಡಿನ ಮಾಮೂಲಿ ರ್‍ಯಾಮ್.

ಗಾಡಿ ಎಷ್ಟು ನಿಧಾನ ಅಂತ ಅಂಕಿಯಲ್ಲೇ ಹೇಳುತ್ತೇನೆ. 2016ರಲ್ಲಿ ಬಂದ 1050 ಟಿಐ ಕಾರ್ಡಿನಲ್ಲಿ 4 ಜಿಬಿ ಮೆಮೊರಿ ಇದೆ, ಅದರಿಂದ ಚಿಪ್ಪಿಗೆ ಸೆಕೆಂಡಿಗೆ 112 ಜಿಬಿ ಸಾಗುತ್ತದೆ. ಮಾಮೂಲಿ ರ್‍ಯಾಮಿನಿಂದ ಕಾರ್ಡಿಗೆ ಬರಬೇಕೆಂದರೆ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ದಾಟಬೇಕು. ಮೂರನೇ ತಲೆಮಾರಿನ ಪೂರ್ಣ ಅಗಲದ ಸ್ಲಾಟಿನಲ್ಲೂ ಅದು ಸೆಕೆಂಡಿಗೆ 16 ಜಿಬಿಯೊಳಗೇ. ಏಳು ಪಟ್ಟು ವ್ಯತ್ಯಾಸ. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಒಂದು ಫ್ರೇಮ್ ಬಿಡಿಸಲು ಇರುವುದು ಸುಮಾರು 16.7 ಮಿಲಿಸೆಕೆಂಡ್. ಅಷ್ಟರಲ್ಲಿ ಗಾಡಿ ಹೋಗಿ ಬರದಿದ್ದರೆ ಆ ಫ್ರೇಮ್ ನಿಂತಲ್ಲೇ ನಿಲ್ಲುತ್ತದೆ.

ಹಾಗಾಗಿ ನಾನು ಮೊದಲು ಕೇಳುವುದು "ಎಫ್‌ಪಿಎಸ್ ಎಷ್ಟಪ್ಪಾ" ಅಂತಲ್ಲ. "ಒಂದೇ ಸಮ ನಿಧಾನನಾ, ಇಲ್ಲಾ ತಿರುಗಿದಾಗ ಗಕ್ಕನೆ ನಿಂತು ಆಮೇಲೆ ಓಡುತ್ತಾ?" ಒಂದೇ ಸಮ ನಿಧಾನವಾಗಿದ್ದರೆ ದುಡಿಮೆ ಸಾಲುತ್ತಿಲ್ಲ. ಆಗ ಟೆಕ್ಸ್ಚರ್ ಇಳಿಸಿ ಏನೂ ಸಿಗುವುದಿಲ್ಲ, ಗೇಮ್ ಕುರೂಪವಾಗುವುದೊಂದೇ ಲಾಭ. ಹೊಸ ಬೀದಿಗೆ ತಿರುಗಿದಾಗಲೆಲ್ಲ ಗಕ್ಕನೆ ನಿಂತು, ಮೂಲೆಯಲ್ಲಿ ಎಫ್‌ಪಿಎಸ್ ಅಂಕಿ ಮಾತ್ರ ಚೆನ್ನಾಗಿಯೇ ಇದ್ದರೆ ಜಾಗ ತುಂಬಿರುವ ಅನುಮಾನ ಗಟ್ಟಿ. ಅಲ್ಲಿ ಟೆಕ್ಸ್ಚರ್ ಒಂದು ಮೆಟ್ಟಿಲು ಇಳಿಸಿದರೆ ಸಾಕು, ನೆರಳನ್ನು ಮುಟ್ಟಬೇಕಾಗಿಯೇ ಇರಲಿಕ್ಕಿಲ್ಲ. "ಅನುಮಾನ" ಅಂದೆ, ಗಮನಿಸಿ. ಹಾರ್ಡ್‌ಡಿಸ್ಕ್ ನಿಧಾನವಿದ್ದರೂ, ಹೊಸ ಗೇಮು ಮೊದಲ ಓಟದಲ್ಲಿ ಶೇಡರ್ (ಬೆಳಕು, ಬಣ್ಣ ಬಿಡಿಸುವ ಪುಟ್ಟ ಪ್ರೋಗ್ರಾಮುಗಳು) ಸಿದ್ಧಪಡಿಸಿಕೊಳ್ಳುತ್ತಿದ್ದರೂ ಹೀಗೇ ಆಗುತ್ತದೆ. ಸಿಪಿಯು ನೋಡದೆ ಫೋನಿನಲ್ಲೇ ತೀರ್ಪು ಕೊಡು ಅಂದರೆ ನನ್ನಿಂದಾಗದು.

ಜಗಳೂರು ಕಡೆಯ ಹುಡುಗನೊಬ್ಬ ಜಿಟಿಎ 5 ತಂದಿದ್ದ, 2015ರ ಹಳೆಯ ಆವೃತ್ತಿ. ಕಾರ್ಡು ಅದೇ 1050 ಟಿಐ. ಊರೊಳಗೆ ಕಾರು ಓಡಿಸಿದರೆ ಸುಮಾರಾಗಿ ಹೋಗುತ್ತೆ, ಗುಡ್ಡದ ಕಡೆ ಹತ್ತಿದರೆ ಅರ್ಧಕ್ಕೆ ಇಳಿಯುತ್ತೆ ಅನ್ನುವುದು ಅವನ ದೂರು. ಈ ಗೇಮಿನಲ್ಲಿ ಲೋ ಅನ್ನುವುದೇ ಇಲ್ಲ, ನಾರ್ಮಲ್ಲೇ ತಳ. ಟೆಕ್ಸ್ಚರ್ ಅಲ್ಲಿಗೆ ಇಳಿದಿತ್ತು. ಹುಲ್ಲು ಅಲ್ಟ್ರಾದಲ್ಲಿ ಕೂತಿತ್ತು, ಎಂಎಸ್‌ಎಎ 4ರಲ್ಲಿತ್ತು; ವಸ್ತುಗಳ ಅಂಚಿನ ಹಲ್ಲುಗಳನ್ನು ನಯ ಮಾಡುವ ಸೆಟ್ಟಿಂಗ್ ಅದು. ಗುಡ್ಡದ ಮೇಲೆ ಇರುವುದೇ ಹುಲ್ಲು. ಊರೊಳಗೆ ಅದು ಕಾಣುವುದೇ ಅಪರೂಪ, ಅದಕ್ಕೇ ಅಲ್ಲಿ ಗೇಮ್ ಓಡುತ್ತಿತ್ತು. ಹುಲ್ಲನ್ನು ನಾರ್ಮಲ್ಲಿಗೆ ತಂದೆ. ಎಂಎಸ್‌ಎಎ ತೆಗೆದು, ಅದೇ ಕೆಲಸವನ್ನು ಅಗ್ಗದಲ್ಲಿ ಮಾಡುವ ಎಫ್‌ಎಕ್ಸ್‌ಎಎ ಹಾಕಿದೆ. ಆ ಸೆಟ್ಟಿಂಗ್ ಪುಟದಲ್ಲಿ ಕಾರ್ಡಿನ ಮೆಮೊರಿ ಎಷ್ಟು ತುಂಬಿದೆ ಅಂತ ತೋರಿಸುವ ಒಂದು ಪಟ್ಟಿ ಇದೆ. ಎಂಎಸ್‌ಎಎ ತೆಗೆದ ಕೂಡಲೇ ಅದು ಜರ್‍ರನೆ ಇಳಿಯಿತು, ಏಕೆಂದರೆ ಎಂಎಸ್‌ಎಎ ದುಡಿಮೆಯನ್ನೂ ತಿನ್ನುತ್ತದೆ, ಜಾಗವನ್ನೂ ತಿನ್ನುತ್ತದೆ. ಖಾಲಿಯಾದ ಜಾಗಕ್ಕೆ ಟೆಕ್ಸ್ಚರನ್ನು ಹೈಗೆ ಏರಿಸಿದೆ. ಹುಡುಗ ಹೆದರಿದ. "ಅಣ್ಣಾ, ಏರಿಸ್ತಿದೀರಲ್ಲ!" ಗುಡ್ಡ ಹತ್ತಿ ನೋಡು ಅಂದೆ. ಹತ್ತಿದ, ಇಳಿದ, ಮತ್ತೆ ಹತ್ತಿದ. ಸಾವಿರ ರೂಪಾಯಿ ಕೊಡಲು ಬಂದವನ ಹತ್ತಿರ ಇದಕ್ಕೆ ದುಡ್ಡು ತಗೊಳ್ಳಲು ನನಗೇ ಮನಸ್ಸಾಗಲಿಲ್ಲ, ಧೂಳು ಹೊಡೆದದ್ದಕ್ಕೆ ಮಾತ್ರ ತಗೊಂಡೆ.

ಆ ಪಟ್ಟಿ ತೋರಿಸುವ ಸೌಜನ್ಯ ಎಲ್ಲ ಗೇಮುಗಳಿಗೂ ಇಲ್ಲ. ಇಲ್ಲದಿದ್ದರೆ ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ತಂತ್ರಾಂಶ ಹಾಕಿಕೊಳ್ಳಿ, ಬೇರೆ ಕಂಪನಿಯ ಕಾರ್ಡಿಗೂ ನಡೆಯುತ್ತದೆ. ಮೆಮೊರಿ ಬಳಕೆ, ಜಿಪಿಯು ಎಷ್ಟು ಶೇಕಡ ದುಡಿಯುತ್ತಿದೆ, ಫ್ರೇಮ್ ಟೈಮ್ (ಒಂದು ಫ್ರೇಮ್ ಬಿಡಿಸಲು ಹಿಡಿದ ಹೊತ್ತು), ಈ ಮೂರನ್ನು ಪರದೆಯ ಮೂಲೆಯಲ್ಲಿ ಹಾಕಿಕೊಂಡು ಹತ್ತು ನಿಮಿಷ ಆಡಿ. ಅಲ್ಲಿ ಕಾಣುವ ಮೆಮೊರಿ ಅಂಕಿ ಗೇಮ್ ಕಾಯ್ದಿರಿಸಿಕೊಂಡದ್ದು, ಅಷ್ಟೂ ಅದಕ್ಕೆ ಬೇಕೇ ಬೇಕು ಅಂತಲ್ಲ. 4 ಜಿಬಿ ಕಾರ್ಡಿನಲ್ಲಿ ಮೂರೂವರೆ ಕಂಡರೆ ಗಾಬರಿಯಾಗಬೇಡಿ. ತುದಿ ಮುಟ್ಟಿ ಅಲ್ಲೇ ಕೂತು, ಫ್ರೇಮ್ ಟೈಮ್ ಗೆರೆ ಮುಳ್ಳುಮುಳ್ಳಾಗಿ ಎದ್ದರೆ ಆಗ ಟೆಕ್ಸ್ಚರ್ ಇಳಿಸಿ. ಹಿಂದೆ ಕ್ರೋಮ್‌ನಲ್ಲಿ ತೆರೆದಿಟ್ಟ ಯೂಟ್ಯೂಬ್ ಕೂಡ ಇದೇ ಮೆಮೊರಿಯಲ್ಲಿ ಪಾಲು ಕೇಳುತ್ತದೆ, ಮುಚ್ಚಿ. ಟೆಕ್ಸ್ಚರ್ ಬದಲಿಸಿದ ಮೇಲೆ ಗೇಮನ್ನು ಒಮ್ಮೆ ಬಂದ್ ಮಾಡಿ ತೆರೆಯಿರಿ. ಕೆಲವು ಗೇಮುಗಳಲ್ಲಿ ಹಾಗೆ ಮಾಡದೆ ಅದು ಜಾರಿಗೇ ಬರುವುದಿಲ್ಲ.

ಇನ್ನು ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್. ಇದರಿಂದ ನನಗಾಗಿರುವ ತಲೆನೋವು ಅಷ್ಟಿಷ್ಟಲ್ಲ. 16 ಜಿಬಿ ರ್‍ಯಾಮ್ ಇರುವ ಸಿಪಿಯುವಿನಲ್ಲಿ 4 ಜಿಬಿ ಕಾರ್ಡ್ ಹಾಕಿದರೆ ಅದು "ಜಿಪಿಯು ಮೆಮೊರಿ" ಅಂತ ಸುಮಾರು 12 ಜಿಬಿ ತೋರಿಸುತ್ತದೆ. ಕಾರ್ಡಿನ 4ರ ಜೊತೆಗೆ ರ್‍ಯಾಮಿನ ಅರ್ಧವನ್ನು "ಶೇರ್ಡ್" ಅಂತ ಸೇರಿಸಿ ಹೇಳುವುದು ಅದರ ರೂಢಿ. ಆ ಎಂಟು ಜಿಬಿ ಊರಾಚೆಯ ಶೆಡ್ಡು, ಗೋದಾಮಲ್ಲ. ಅಡತಿ ಅಂಗಡಿಯ ಯಜಮಾನರೊಬ್ಬರು ಮಗನ ಹಟಕ್ಕೆ ಸೋತು, ಗ್ರಾಫಿಕ್ಸ್ ಹೆಚ್ಚುತ್ತದೆ ಅಂತ ಯಾರೋ ಹೇಳಿದ್ದನ್ನು ನಂಬಿ ಇನ್ನೊಂದು ರ್‍ಯಾಮ್ ಹಾಕಿಸಿ, "ಈಗ ನೋಡ್ರೀ, ತೋರ್ಸೋದಂತೂ ಜಾಸ್ತಿ ಆಗೇತಿ, ಆಟ ಅಷ್ಟೇ ಐತಿ" ಅಂದರು. ಅಡತಿ ವ್ಯವಹಾರದಲ್ಲಿ ಒಂದು ಕಾಳು ಲೆಕ್ಕ ತಪ್ಪದವರು! ಅವರಿಗೆ ಗೋದಾಮಿನ ಮಾತು ಹೇಳಿದ್ದೇ ತಡ, ಅರ್ಥವಾಯಿತು. ಮಗನಿಗೆ ಇನ್ನೂ ಆಗಿಲ್ಲ.

ಹಾಗಂತ ರ್‍ಯಾಮ್ ಹಾಕಿಸಲೇಬೇಡಿ ಅಂತ ನಾನು ಹೇಳಿದೆ ಎಂದು ಊರ ತುಂಬ ಹೇಳಿಕೊಂಡು ತಿರುಗಬೇಡಿ. 8 ಜಿಬಿಯ ಒಂದೇ ಸ್ಟಿಕ್ ಇದ್ದವರಿಗೆ ಎರಡನೆಯದು ಹಾಕಿದರೆ ಡ್ಯುಯಲ್ ಚಾನೆಲ್ ಆಗಿ ಪ್ರೊಸೆಸರಿಗೆ ಅನುಕೂಲ, ಈಗಿನ ಗೇಮುಗಳಿಗೆ 16 ಬೇಕೂ ಬೇಕು. ಕಾರ್ಡಿನ ಮೆಮೊರಿ ಅದರಿಂದ ಬೆಳೆಯುವುದಿಲ್ಲ ಅಂದೆ, ಅಷ್ಟೇ.

ಉಲ್ಟಾ ಮೋಸವೂ ಉಂಟು: ಗೋದಾಮು ದೊಡ್ಡದು, ಹಮಾಲರು ಇಬ್ಬರೇ. ಜಿಟಿ 730ರಲ್ಲಿ 4 ಜಿಬಿ ಅಂತ ಪೆಟ್ಟಿಗೆ ಮೇಲೆ ದಪ್ಪಗೆ ಬರೆದಿರುತ್ತದೆ, ಅದನ್ನು ನೋಡಿ 1050 ಟಿಐಗೆ ಸಮ ಅಂದುಕೊಳ್ಳುತ್ತಾರೆ. ಜಿಟಿ 1030 ಕೊಳ್ಳುವವರು ಇನ್ನೂ ಹುಷಾರಾಗಿರಬೇಕು. ಹೆಸರು ಒಂದೇ, 2 ಜಿಬಿ ಒಂದೇ, ಆದರೆ ಒಂದರಲ್ಲಿ ಜಿಡಿಡಿಆರ್5, 2018ರಲ್ಲಿ ಬಂದ ಇನ್ನೊಂದರಲ್ಲಿ ಡಿಡಿಆರ್4. ಮೆಮೊರಿಯ ವೇಗ ಮೊದಲನೆಯದರಲ್ಲಿ ಸೆಕೆಂಡಿಗೆ 48 ಜಿಬಿ, ಎರಡನೆಯದರಲ್ಲಿ 17ಕ್ಕೂ ಕಡಿಮೆ.

ದುಡಿಮೆ ಉಳಿಸುವುದಕ್ಕೆ ನನ್ನ ಕೈ ಮೊದಲು ಹೋಗುವುದು ನೆರಳಿಗೆ. ಅಲ್ಟ್ರಾದಿಂದ ಮೀಡಿಯಮ್ಮಿಗೆ ಇಳಿಸಿದರೆ ಆಡುವಾಗ ಗೊತ್ತೂ ಆಗುವುದಿಲ್ಲ. ಆಮೇಲೆ ವಾಲ್ಯೂಮೆಟ್ರಿಕ್ ಅಂತ ಹೆಸರಿರುವ ಮಂಜು ಮೋಡಗಳು, ಆಂಬಿಯೆಂಟ್ ಅಕ್ಲೂಶನ್ (ಮೂಲೆ, ಸಂದುಗಳ ನೆರಳು), ಪ್ರತಿಬಿಂಬಗಳು. ಅನೈಸೋಟ್ರೊಪಿಕ್ ಫಿಲ್ಟರಿಂಗನ್ನು ಮಾತ್ರ 16ರಲ್ಲೇ ಬಿಡಿ. ಹೆಸರು ಕೇಳಿ ಹೆದರಿ ಎಲ್ಲರೂ ಅದನ್ನು ತೆಗೆಯುತ್ತಾರೆ, ಅದರ ಖರ್ಚು ಬಹಳ ಕಡಿಮೆ, ರಸ್ತೆ ದೂರದ ತನಕ ಸ್ಪಷ್ಟವಾಗಿ ಕಾಣುವುದು ಅದರಿಂದಲೇ.

ಇಷ್ಟಕ್ಕೂ ಬಗ್ಗದಿದ್ದರೆ ರೆಸಲ್ಯೂಶನ್. 1920×1080 ಅಂದರೆ ಪ್ರತಿ ಫ್ರೇಮಿಗೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಚುಕ್ಕಿ, 1600×900 ಅಂದರೆ ಹದಿನಾಲ್ಕು ಲಕ್ಷ ನಲವತ್ತು ಸಾವಿರ. ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ದುಡಿಮೆ ಉಳಿಯಿತು. ಆದರೆ ಪರದೆಯ ರೆಸಲ್ಯೂಶನ್ನನ್ನೇ ಇಳಿಸಬೇಡಿ, ಅಕ್ಷರ, ನಕ್ಷೆ ಎಲ್ಲ ಕದಡಿಹೋಗುತ್ತವೆ. ಗೇಮಿನೊಳಗೆ ರೆಂಡರ್ ಸ್ಕೇಲ್ (ಗೇಮ್ ಒಳಗೊಳಗೇ ಬಿಡಿಸುವ ಚಿತ್ರದ ಗಾತ್ರ) ಇದ್ದರೆ ಅದನ್ನು ಇಳಿಸಿ, ಚಿಕ್ಕದಾಗಿ ಬಿಡಿಸಿ ದೊಡ್ಡದು ಮಾಡಿ ತೋರಿಸುವ ಎಫ್‌ಎಸ್‌ಆರ್ ಇದ್ದರೆ ಇನ್ನೂ ಒಳ್ಳೆಯದು. 2021ರಲ್ಲಿ ಎಎಮ್‌ಡಿ ತಂದ ಎಫ್‌ಎಸ್‌ಆರ್ ಎನ್‌ವಿಡಿಯಾದ ಹಳೆ ಕಾರ್ಡುಗಳಲ್ಲೂ ನಡೆಯುತ್ತದೆ. ಅದೇ ಬಗೆಯ ಎನ್‌ವಿಡಿಯಾದ ಡಿಎಲ್‌ಎಸ್‌ಎಸ್ ಕೇಳಬೇಡಿ, ಅದಕ್ಕೆ ಆರ್‌ಟಿಎಕ್ಸ್ ಕಾರ್ಡೇ ಬೇಕು.

720ಕ್ಕೆ ಇಳಿಸಿದರೂ ಎಫ್‌ಪಿಎಸ್ ಅಲ್ಲಾಡದಿದ್ದರೆ ಕಾರ್ಡಿನ ತಪ್ಪೇ ಅಲ್ಲ, ಪ್ರೊಸೆಸರ್ ಸೋತಿದೆ. ಆಫೀಸು ಹರಾಜಿನಲ್ಲಿ ಬಂದ ಹಳೆ ಐ5 ಪೆಟ್ಟಿಗೆಗಳಲ್ಲಿ ಇದು ಸಾಮಾನ್ಯ. ಅಲ್ಲಿ ಇಳಿಸಬೇಕಾದ್ದು ಜನಸಂದಣಿ ಮತ್ತು ದೂರದ ನೋಟ.

ಏಪ್ರಿಲ್‌ನಲ್ಲಿ ಬರುವವರಿಗೆ ಇನ್ನೊಂದು ಮಾತು. ಮಂಡಕ್ಕಿ ಭಟ್ಟಿಗಳ ಕಡೆಯಿಂದ ಬರುವ ಸಿಪಿಯುಗಳ ಫ್ಯಾನಿನಲ್ಲಿ ಧೂಳಲ್ಲ, ಮಸಿ ಮೆತ್ತಿಕೊಂಡಿರುತ್ತದೆ, ಬ್ಲೋಯರಿಗೆ ಜಗ್ಗುವುದಿಲ್ಲ, ಬ್ರಷ್ಷಿನಲ್ಲೇ ಕೆರೆಯಬೇಕು. ಅರ್ಧ ಗಂಟೆ ಚೆನ್ನಾಗಿ ಓಡಿ ಆಮೇಲೆ ನಿಧಾನವಾಗುವ ಗೇಮಿಗೆ ಸೆಟ್ಟಿಂಗ್ ಹುಡುಕುವ ಮೊದಲು ಕಾರ್ಡಿನ ಬಿಸಿ ನೋಡಿ. 80 ಡಿಗ್ರಿ ದಾಟಿಕೊಂಡು ಹೋದರೆ ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತಿರಬಹುದು.

ಯಾವ ಸೆಟ್ಟಿಂಗಿಗೂ ಬಗ್ಗದ ಗೇಮುಗಳೂ ಈಗ ಬರುತ್ತಿವೆ. 2024ರ ಡಿಸೆಂಬರಿನಲ್ಲಿ ಬಂದ ಇಂಡಿಯಾನಾ ಜೋನ್ಸ್ ಗೇಮು, 2025ರ ಡೂಮ್ ಎರಡಕ್ಕೂ ಕಾರ್ಡಿನ ಒಳಗೇ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಲೆಕ್ಕ) ಯಂತ್ರಾಂಶ ಇರಬೇಕು. 1050 ಟಿಐನಲ್ಲಿ ಅದಿಲ್ಲ. ನೂರು ಜಿಬಿ ಹತ್ತಿರ ಡೌನ್‌ಲೋಡ್ ಮಾಡಿ, ನೆಟ್ ಪ್ಯಾಕ್ ಮುಗಿಸಿಕೊಂಡು, ಆಮೇಲೆ ಸಿಪಿಯು ಹೊತ್ತು ತರುವ ಬದಲು ಗೇಮ್ ಮಾರುವ ಪುಟದ ಕೊನೆಯಲ್ಲಿ "ಮಿನಿಮಮ್" ಅಂತ ಇರುವ ನಾಲ್ಕು ಸಾಲು ಓದಿಕೊಳ್ಳಿ. ಅಲ್ಲಿ ನಿಮ್ಮ ಕಾರ್ಡಿಗಿಂತ ಮೇಲಿನ ಹೆಸರು ಕಂಡರೆ, ಡೌನ್‌ಲೋಡ್ ಒತ್ತುವ ಮೊದಲು ಅಂಗಡಿಗೆ ಒಂದು ಫೋನ್ ಮಾಡಿ, ಓಡುತ್ತೋ ಇಲ್ಲವೋ ಅಂತ ಹೇಳುತ್ತೇನೆ. ಇದೊಂದಕ್ಕೆ ಫೋನಿನಲ್ಲೇ ತೀರ್ಪು ಕೊಡಬಹುದು.