ಮಲ್ಟಿಸ್ಪೋರ್ಟ್ ರೇಸಿನ ಕಯಾಕ್ ಭಾಗ: ಹೊಸಬರು ಮಗುಚಿಕೊಳ್ಳುವ ಜಾಗಗಳು

ಓಟ, ಸೈಕಲ್, ಕಯಾಕ್ ಒಂದಾದ ಮೇಲೊಂದು ಬರುವ ಮಲ್ಟಿಸ್ಪೋರ್ಟ್ ರೇಸ್‌ಗೆ ತಯಾರಾಗುವ ನಮ್ಮಂಥ ಹೊಸಬರಲ್ಲಿ ಹೆಚ್ಚಿನವರು ಓಟದಿಂದ ಬಂದವರು, ಇಲ್ಲವೇ ಸೈಕಲ್‌ನಿಂದ ಬಂದವರು. ದಮ್ಮು ಇರುತ್ತದೆ, ಕಾಲಲ್ಲಿ ಕಸುವೂ ಇರುತ್ತದೆ. ಕಯಾಕ್ ಅಂದರೆ ಎರಡು ತುದಿಗೂ ಎಲೆ ಇರುವ ಹುಟ್ಟಿನಿಂದ ನಡೆಸುವ ಸಣ್ಣ ದೋಣಿ. ಅದನ್ನು ಕೈಯಲ್ಲಿ ತುಳಿಯುವ ಸೈಕಲ್ ಅಂದುಕೊಂಡುಬಿಡುತ್ತೇವೆ. ನಾನೂ ಹಾಗೇ ಅಂದುಕೊಂಡಿದ್ದೆ. ಮೊದಲ ಸಲ ಹರಿಯುವ ನೀರಿಗೆ ಇಳಿದ ದಿನ ಅರ್ಧ ಗಂಟೆಯಲ್ಲಿ ಮೂರು ಸಲ ಮಗುಚಿದೆ. ಆ ಸಂಜೆ ಶುರುವಾದ ಟಿಪ್ಪಣಿ ಇದು.

ಲೆಕ್ಕಕ್ಕೆ ಒಂದು ರೇಸ್ ಇಟ್ಟುಕೊಳ್ಳೋಣ. ಈ ಬಗೆಯ ರೇಸ್‌ಗಳಲ್ಲಿ ಹೆಸರುವಾಸಿ ಅಂದರೆ ನ್ಯೂಜಿಲೆಂಡಿನ ಕೋಸ್ಟ್ ಟು ಕೋಸ್ಟ್. ರಾಬಿನ್ ಜಡ್ಕಿನ್ಸ್ 1983ರಲ್ಲಿ ಶುರು ಮಾಡಿದ್ದು. ದಕ್ಷಿಣ ದ್ವೀಪದ ಪಶ್ಚಿಮ ಕರಾವಳಿಯಿಂದ ಪೂರ್ವ ಕರಾವಳಿಗೆ 243 ಕಿ.ಮೀ. ಓಟ, ಸೈಕಲ್, ಬೆಟ್ಟ ದಾಟುವ ಓಟ, ಆಮೇಲೆ ವೈಮಕರಿರಿ ನದಿಯಲ್ಲಿ ಸುಮಾರು 70 ಕಿ.ಮೀ. ಕಯಾಕ್. ಅಲ್ಲಿ ಕಯಾಕ್ ಹಿಡಿಯಬೇಕಾದರೆ ಗ್ರೇಡ್ 2 ನೀರಿನಲ್ಲಿ ದೋಣಿ ನಡೆಸಬಲ್ಲೆ ಅಂತ ಪ್ರಮಾಣಪತ್ರ ತೋರಿಸಬೇಕು. ಓಟಕ್ಕೂ ಸೈಕಲ್‌ಗೂ ಅಂಥದ್ದೇನೂ ಕೇಳುವುದಿಲ್ಲ. ಯಾಕೆ ಅಂತ ಯೋಚಿಸಿದರೆ ಅರ್ಧ ಪಾಠ ಅಲ್ಲೇ ಇದೆ.

ಗ್ರೇಡ್ ಅಂದರೆ ಹೊಳೆಯ ಕಷ್ಟವನ್ನು 1ರಿಂದ 6ರವರೆಗೆ ಅಳೆಯುವ ಪದ್ಧತಿ. 2 ಅಂದರೆ ಸಣ್ಣ ಅಲೆಗಳು, ಅಲ್ಲಲ್ಲಿ ಬಂಡೆ. ದಾರಿ ಕಾಣುತ್ತದೆ, ಆದರೆ ದೋಣಿ ತಾನಾಗಿ ಹೋಗುವುದಿಲ್ಲ, ನೀವೇ ತಿರುಗಿಸಬೇಕು. ಕೇಳಲು ಸಲೀಸು. ಆರು ಮೀಟರ್ ಹತ್ತಿರದ ಉದ್ದನೆಯ, ಸಪೂರ ದೋಣಿಯಲ್ಲಿ ಕೂತು ನೋಡಿದರೆ ಅಷ್ಟು ಸಲೀಸಲ್ಲ.

ದೋಣಿ: ದುಡ್ಡು ಕೊಟ್ಟು ತರುವ ಮೊದಲ ತಪ್ಪು

ಸಪೂರ ದೋಣಿ ವೇಗವಾಗಿ ಹೋಗುತ್ತದೆ, ಅಗಲದ್ದು ನಿಧಾನ. ಈ ಮಾತು ನಿಜವೇ. ಹಾಗಾಗಿ ಹೊಸಬ ನೇರ ಹೋಗಿ ಗೆದ್ದವರು ಬಳಸುವ ದೋಣಿ ತರುತ್ತಾನೆ. ಈಗ ಲೆಕ್ಕ ಹಾಕಿ. ಹರಿವಿನ ಸಹಾಯವೂ ಸೇರಿ ಗಂಟೆಗೆ 14 ಕಿ.ಮೀ. ಅಂದರೆ 70 ಕಿ.ಮೀ.ಗೆ 5 ಗಂಟೆ. ಸಪೂರ ದೋಣಿ ಶೇ. 3ರಷ್ಟು ಸಮಯ ಉಳಿಸಿತು ಅಂತಲೇ ಇಟ್ಟುಕೊಳ್ಳಿ. ಉಳಿದದ್ದು 9 ನಿಮಿಷ. ಒಂದು ಸಲ ಮಗುಚಿ, ಈಜಿ, ದೋಣಿಯನ್ನು ದಂಡೆಗೆ ಎಳೆದು, ನೀರು ಚೆಲ್ಲಿ, ಮತ್ತೆ ಹತ್ತಿ ಕೂರುವಷ್ಟರಲ್ಲಿ ಹೊಸಬರಿಗೆ ಆ 9 ನಿಮಿಷ ಮುಗಿದೇ ಹೋಗಿರುತ್ತದೆ. ಅದರ ಮೇಲೆ ನಡುಕ ಬೇರೆ.

ಮಗುಚದೇ ಇದ್ದರೂ ನಷ್ಟ ಇದೆ. ಓಲಾಡುವ ದೋಣಿಯಲ್ಲಿ ಕೂತವನು ಅರ್ಧ ಶಕ್ತಿಯನ್ನು ನೆಟ್ಟಗೆ ಕೂರುವುದಕ್ಕೇ ಕಳೆಯುತ್ತಾನೆ. ಸೊಂಟ ಬಿಗಿ, ಉಸಿರು ಬಿಗಿ, ಹುಟ್ಟು ನೀರನ್ನು ಸವರಿ ಬರುತ್ತದೆ ಅಷ್ಟೇ. ನನಗೆ ಸರಿ ಅನ್ನಿಸಿದ ಪರೀಕ್ಷೆ ಒಂದೇ: ಅಲೆಗಳ ಮಧ್ಯೆ, ದಣಿದಿರುವಾಗ, ಜೋರಾಗಿ ಹುಟ್ಟು ಹಾಕಲು ಆಗುತ್ತದಾ? ನಿಂತ ನೀರಿನಲ್ಲಿ ಬೆಳಗಿನ ಹೊತ್ತು ಆಗುತ್ತದಾ ಅನ್ನುವುದು ಪ್ರಶ್ನೆಯೇ ಅಲ್ಲ. ಸಾಧ್ಯವಾದರೆ ಮೊದಲ ವರ್ಷ ಬಾಡಿಗೆ ದೋಣಿಯಲ್ಲೇ ಕಳೆಯಿರಿ.

ಕೆರೆಯಲ್ಲಿ ಕಲಿತು ಹೊಳೆಗೆ ಹೋಗುವುದು

ನಿಂತ ನೀರಿನಲ್ಲಿ ನೂರಾರು ಕಿ.ಮೀ. ಹಾಕಿದವರೂ ಹೊಳೆಯಲ್ಲಿ ಮೊದಲ ತಿರುವಿಗೇ ಮಗುಚುತ್ತಾರೆ. ಕಾರಣ ಎಡ್ಡಿ. ಬಂಡೆಯ ಹಿಂದೆ, ದಂಡೆಯ ಮೂಲೆಯಲ್ಲಿ ನೀರು ಸುತ್ತಿಕೊಂಡು ಹಿಂದಕ್ಕೆ ಹರಿಯುವ ಜಾಗ ಅದು. ಪಕ್ಕದಲ್ಲೇ ಮುಖ್ಯ ಹರಿವು ಕೆಳಗೆ ಓಡುತ್ತಿರುತ್ತದೆ. ಇವೆರಡರ ನಡುವಿನ ಗೆರೆಯೇ ಎಡ್ಡಿ ಲೈನ್. ಆ ಗೆರೆ ದಾಟುವಾಗ ದೋಣಿಯ ಮೂತಿ ಒಂದು ಹರಿವಿನಲ್ಲಿ, ಬಾಲ ಇನ್ನೊಂದರಲ್ಲಿ. ಉದ್ದನೆಯ ದೋಣಿ ಅಂದಮೇಲೆ ದಾಟುವ ಹೊತ್ತೂ ಜಾಸ್ತಿ.

ಏನಾಗುತ್ತದೆ ನೋಡಿ. ಎಡ್ಡಿಯಿಂದ ಹೊರಗೆ ಬಂದೆವು. ಹರಿವು ಬಂದು ದೋಣಿಯ ಮೇಲ್ದಿಕ್ಕಿನ ಮಗ್ಗುಲಿಗೆ ಬಡಿಯುತ್ತದೆ, ಅಂದರೆ ನೀರು ಬರುವ ಕಡೆಯ ಮಗ್ಗುಲಿಗೆ. ಹೆದರಿದ ಮೈ ನೀರಿನ ಹೊಡೆತಕ್ಕೆ ಎದುರಾಗಿ ಆ ಕಡೆಗೇ ವಾಲುತ್ತದೆ. ಆ ಅಂಚು ಮುಳುಗುತ್ತದೆ, ನೀರು ಅದರ ಮೇಲೆ ಹತ್ತಿ ಕೂರುತ್ತದೆ, ಮುಗಿಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ತಲೆ ಕೆಳಗೆ. ನನ್ನ ಮೂರೂ ಸಲದ ಕಥೆ ಇದೇ.

ಮಾಡಬೇಕಾದ್ದು ಉಲ್ಟಾ. ಕೆಳದಿಕ್ಕಿಗೆ ವಾಲಿ, ನೀರು ಬರುವ ಕಡೆಯ ಅಂಚನ್ನು ಮೊಣಕಾಲಿನಿಂದ ಎತ್ತಬೇಕು. ಹರಿವಿಗೆ ದೋಣಿಯ ತಳ ಸಿಗಬೇಕು, ಅಂಚು ಸಿಗಬಾರದು. ಹೊರಗಿನಿಂದ ಎಡ್ಡಿಯೊಳಗೆ ಹೋಗುವಾಗ ನೀರಿನ ದಿಕ್ಕು ಅದಲುಬದಲಾಗುತ್ತದೆ, ಹಾಗಾಗಿ ವಾಲುವ ಕಡೆಯೂ ಬದಲಾಗುತ್ತದೆ. ಎರಡನ್ನೂ ಬೇರೆಬೇರೆ ಬಾಯಿಪಾಠ ಮಾಡಲು ಹೋಗಿ ನಾನು ಗೊಂದಲ ಮಾಡಿಕೊಂಡಿದ್ದೆ. ಸೈಕಲ್ಲನ್ನು ನೆನೆದುಕೊಂಡರೆ ಸಾಕು: ತಿರುವಿನ ಒಳಕ್ಕೆ ವಾಲಿ. ಎರಡು ಸಂದರ್ಭಕ್ಕೂ ಅದೇ ಉತ್ತರ.

ಈ ತಪ್ಪಿಗೊಬ್ಬ ಅಣ್ಣ ಇದ್ದಾನೆ. ಹರಿವು ದೋಣಿಯನ್ನು ಅಡ್ಡಡ್ಡ ಬಂಡೆಗೆ ಒತ್ತಿದಾಗ ಎಲ್ಲರೂ ಬಂಡೆಯಿಂದ ದೂರಕ್ಕೆ ವಾಲುತ್ತಾರೆ. ದೂರ ಅಂದರೆ ನೀರು ಬರುವ ಕಡೆ, ಅಲ್ವಾ? ಮತ್ತೆ ಅದೇ ಅಂಚು ಮುಳುಗುತ್ತದೆ. ಬಂಡೆಯನ್ನು ತಬ್ಬಿಕೊಳ್ಳಬೇಕು. ಓದುವಾಗ ಸುಲಭ, ಬಂಡೆ ಎದುರಿಗೆ ಬಂದಾಗ ಮೈ ಒಪ್ಪುವುದಿಲ್ಲ. ಮೈ ಒಪ್ಪುವವರೆಗೆ ಮಾಡಿ ಮಾಡಿ ರೂಢಿ ಮಾಡಿಕೊಳ್ಳಬೇಕು. ಒಂದೇ ಎಡ್ಡಿಯಲ್ಲಿ ಮೂವತ್ತು ಸಲ ಹೊರಗೆ ಹೋಗಿ ಒಳಗೆ ಬರುವುದು 30 ಕಿ.ಮೀ. ಸುಮ್ನೆ ಹುಟ್ಟು ಹಾಕುವುದಕ್ಕಿಂತ ಜಾಸ್ತಿ ಕಲಿಸುತ್ತದೆ.

ಹೆದರಿದಾಗ ಹುಟ್ಟು ನಿಲ್ಲಿಸುವುದು

ಅಲೆ ಕಂಡ ತಕ್ಷಣ ಹೊಸಬ ಹುಟ್ಟನ್ನು ಗಾಳಿಯಲ್ಲಿ ಹಿಡಿದು, ಚುಕ್ಕಾಣಿ ತಿರುಗಿಸುವ ಕಾಲಿನ ಪೆಡಲ್ ಒತ್ತಿ ಅದರ ಮೇಲೇ ಭಾರ ಹಾಕುತ್ತಾನೆ. ಚುಕ್ಕಾಣಿ ಕೆಲಸ ಮಾಡುವುದು ಅದರ ಮೈಮೇಲೆ ನೀರು ಹಾದುಹೋಗುತ್ತಿದ್ದರೆ ಮಾತ್ರ. ಹೊಳೆ ಗಂಟೆಗೆ 10 ಕಿ.ಮೀ. ಹರಿಯುತ್ತಿದೆ ಅನ್ನಿ. ಹುಟ್ಟು ನಿಲ್ಲಿಸಿದರೆ ದೋಣಿಯೂ ಹೆಚ್ಚುಕಡಿಮೆ ಅದೇ 10ರಲ್ಲಿ ತೇಲುತ್ತದೆ. ದಂಡೆಯ ಮೇಲೆ ನಿಂತವರಿಗೆ ನೀವು ಓಡುತ್ತಿದ್ದೀರಿ, ಚುಕ್ಕಾಣಿಯ ಲೆಕ್ಕದಲ್ಲಿ ನಿಂತಿದ್ದೀರಿ. ಎಷ್ಟು ಪೆಡಲ್ ಒತ್ತಿದರೂ ದೋಣಿ ಕೇಳುವುದಿಲ್ಲ.

ಹರಿವಿಗಿಂತ ಚೂರು ಜೋರಾಗಿ ಹೋಗುತ್ತಲೇ ಇರಬೇಕು. ಜೊತೆಗೆ ನೀರಿನೊಳಗಿರುವ ಹುಟ್ಟು ಒಂದು ಊರುಗೋಲು ಇದ್ದಂತೆ. ಗಾಳಿಯಲ್ಲಿರುವ ಹುಟ್ಟು ಯಾವುದಕ್ಕೂ ಆಧಾರವಲ್ಲ. ವಿಂಗ್ ಪ್ಯಾಡಲ್ ಅನ್ನುವ ರೇಸಿನ ಹುಟ್ಟು ತಂದವರಿಗೆ ಒಂದು ಎಚ್ಚರಿಕೆ. ಅದರ ಎಲೆ ಚಮಚದಂತೆ ಬಾಗಿರುತ್ತದೆ, ಮುಂದಕ್ಕೆ ಹೋಗಲು ಚೆನ್ನ. ಆದರೆ ಬೀಳುವಾಗ ಊರಿ ಎದ್ದೇಳಲು ಹೋದರೆ, ಕೋನ ತಪ್ಪಿದಾಗ ನೀರನ್ನು ಸೀಳಿ ಒಳಗೆ ಹೋಗಿಬಿಡುತ್ತದೆ. ಅದರಲ್ಲೇ ಊರುವುದನ್ನು ಬೇರೆಯಾಗಿ ಕಲಿಯಬೇಕು.

ಹುಟ್ಟು ಹಾಕುವ ರೀತಿಯ ಬಗ್ಗೆ ಎಲ್ಲರೂ ಹೇಳಿರುತ್ತಾರೆ, ನಾನು ಚುಟುಕಾಗಿ ಬರೆಯುತ್ತೇನೆ. ನೆಟ್ಟಗೆ ಕೂರಿ. ಪಾದದ ಹತ್ತಿರ ನೀರಿಗೆ ಇಳಿಸಿ, ಸೊಂಟದ ಹತ್ತಿರ ಎತ್ತಿ. ಎಳೆಯುವುದು ತೋಳಲ್ಲ, ಸೊಂಟದಿಂದ ಮೇಲಿನ ಮೈ ತಿರುಗಬೇಕು. ಮುಷ್ಟಿ ಸಡಿಲ ಇರಲಿ, ಇಲ್ಲದಿದ್ದರೆ ಮೊದಲು ಕೈಕೊಡುವುದು ಮಣಿಕಟ್ಟು.

ಹೊಳೆ ಪ್ರತಿದಿನ ಅದೇ ಹೊಳೆಯಲ್ಲ

ಹೋದ ತಿಂಗಳು ಒಂದು ಸಲ ಇಳಿದು ಬಂದಿದ್ದೇನೆ, ದಾರಿ ಗೊತ್ತು ಅನ್ನುವವರನ್ನು ಕಂಡಿದ್ದೇನೆ. ಅವತ್ತು ಹರಿವು ಎಷ್ಟಿತ್ತು ಅಂತ ಕೇಳಿದರೆ ಉತ್ತರ ಇರುವುದಿಲ್ಲ. ಹರಿವನ್ನು ಕ್ಯುಮೆಕ್‌ನಲ್ಲಿ ಹೇಳುತ್ತಾರೆ, ಸೆಕೆಂಡಿಗೆ ಎಷ್ಟು ಘನ ಮೀಟರ್ ಅಂತ. ನಮಗೆ ಪೇಪರ್ ಓದಿ ಕ್ಯೂಸೆಕ್ ರೂಢಿ. ಒಂದು ಕ್ಯುಮೆಕ್ ಅಂದರೆ ಸುಮಾರು 35 ಕ್ಯೂಸೆಕ್. 100 ಕ್ಯುಮೆಕ್ ಅಂದರೆ ಪ್ರತಿ ಸೆಕೆಂಡಿಗೆ 100 ಟನ್ ನೀರು. ವೇಗ ಎರಡರಷ್ಟಾದರೆ ನೀರಿನ ಒತ್ತು ನಾಲ್ಕರಷ್ಟಾಗುತ್ತದೆ. ನೀರು ಕಡಿಮೆ ಇದ್ದಾಗ ಬಂಡೆಗಳೇ ತೊಂದರೆ. ಜಾಸ್ತಿ ಇದ್ದಾಗ ಬಂಡೆ ಮುಳುಗಿರುತ್ತದೆ, ಎಡ್ಡಿ ಲೈನ್‌ಗಳು ಮತ್ತು ಹರಿವು ನೇರ ಹೋಗಿ ಗುದ್ದುವ ಕಲ್ಲುಗೋಡೆಗಳು ತೊಂದರೆ. ಪ್ರತಿ ಸಲ ಇಳಿದಾಗ ಆ ದಿನದ ಅಂಕಿ ಬರೆದಿಟ್ಟುಕೊಳ್ಳಿ.

ಜಲ್ಲಿ ಹಾಸಿನ ಹೊಳೆಗಳು ಹತ್ತಾರು ಕವಲಾಗಿ ಹರಿಯುತ್ತವೆ. ಜಾಸ್ತಿ ನೀರು ಹೋಗುವ ಕವಲು ಸಾಮಾನ್ಯವಾಗಿ ಸರಿಯಾದದ್ದು. ಅಡ್ಡದಾರಿಯಂತೆ ಕಾಣುವ ತೆಳು ಕವಲಿನಲ್ಲಿ ದೋಣಿ ತಳಕ್ಕೆ ಅಂಟಿದಂತೆ ಎಳೆಯುತ್ತದೆ, ಕೊನೆಗೆ ಇಳಿದು ನಡೆಯಬೇಕಾಗುತ್ತದೆ. ಮುಂದಿನವನು ಹೋದ ಅಂತ ಕುರಿಮಂದೆಯ ಹಾಗೆ ಹಿಂದೆ ಹೋಗಬೇಡಿ. ಅವನೂ ನಮ್ಮ ಹಾಗೆ ಹೊಸಬನೇ ಇರಬಹುದು.

ಬಿದ್ದ ಮೇಲೆ

ಬೀಳುವುದನ್ನು ಅಭ್ಯಾಸ ಮಾಡದೇ ಇರುವುದು ದೊಡ್ಡ ತಪ್ಪು. ಸ್ಪ್ರೇ ಡೆಕ್, ಅಂದರೆ ನೀರು ಒಳಗೆ ಬಾರದಂತೆ ಸೊಂಟದ ಸುತ್ತ ದೋಣಿಯ ಬಾಯಿ ಮುಚ್ಚುವ ಹೊದಿಕೆ, ಹಾಕುವಾಗ ಅದನ್ನು ಎಳೆದು ಬಿಚ್ಚುವ ಕುಣಿಕೆ ಹೊರಗಿದೆಯೇ ಅಂತ ಪ್ರತಿ ಸಲ ಮುಟ್ಟಿ ನೋಡಿ. ಅದು ಒಳಗೆ ಸಿಕ್ಕಿಕೊಂಡರೆ ತಲೆಕೆಳಗಾಗಿ ಹುಡುಕಬೇಕು. ಹೊರಗೆ ಬಂದ ಮೇಲೆ ದೋಣಿಗಿಂತ ಮೇಲ್ದಿಕ್ಕಿನಲ್ಲಿ ಇರಿ. ನೀರು ತುಂಬಿದ ದೋಣಿ ನೂರಾರು ಕಿಲೋ ತೂಗುತ್ತದೆ, ಅದಕ್ಕೂ ಬಂಡೆಗೂ ಮಧ್ಯೆ ಸಿಕ್ಕಬಾರದು. ಮೂತಿ ಮತ್ತು ಬಾಲದಲ್ಲಿ ಗಾಳಿಚೀಲ ತುಂಬಿಸಿಟ್ಟರೆ ಅಷ್ಟು ನೀರು ಒಳಗೆ ಬರಲು ಜಾಗವೇ ಇರುವುದಿಲ್ಲ. ಸೆಳೆತದಲ್ಲಿ ಎದ್ದು ನಿಲ್ಲಲು ಹೋಗಬೇಡಿ. ಕಲ್ಲುಗಳ ಮಧ್ಯೆ ಪಾದ ಸಿಕ್ಕಿಕೊಂಡರೆ ನೀರು ಮೈಯನ್ನು ಮುಂದಕ್ಕೆ ಬಗ್ಗಿಸಿ ಮುಳುಗಿಸುತ್ತದೆ. ಅಂಗಾತ ಮಲಗಿ, ಪಾದ ಮೇಲೆ, ಕೆಳದಿಕ್ಕಿಗೆ.

ಚಳಿ, ಹೊಟ್ಟೆ, ಕಾಲು

ವೈಮಕರಿರಿ ಅನ್ನುವ ಮಾವೋರಿ ಹೆಸರಿನಲ್ಲಿ ವೈ ಅಂದರೆ ನೀರು, ಮಕರಿರಿ ಅಂದರೆ ತಣ್ಣಗಿರುವುದು. ಹೊಳೆ ಹೆಸರಿನಲ್ಲೇ ಹೇಳಿಬಿಟ್ಟಿದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಬಿಸಿಯನ್ನು ಸಾಗಿಸುತ್ತದೆ. ಓಡಿ ಬೆವತು ಬಂದವನಿಗೆ ದಂಡೆಯಲ್ಲಿ ಸೆಕೆ ಅನ್ನಿಸುತ್ತದೆ, ತೆಳು ಬಟ್ಟೆಯಲ್ಲೇ ದೋಣಿ ಹತ್ತುತ್ತಾನೆ. ಒಂದು ಗಂಟೆ ಬಿಟ್ಟು ಬೆರಳು ಮರಗಟ್ಟುತ್ತದೆ. ಹತ್ತಿ ಬಟ್ಟೆ ಬೇಡವೇ ಬೇಡ. ಒದ್ದೆಯಾದರೂ ಬೆಚ್ಚಗಿಡುವ ಪಾಲಿಪ್ರೊಪಿಲೀನ್ ಅನ್ನುವ ಸಿಂಥೆಟಿಕ್ ಬಟ್ಟೆ ಒಳಗೆ, ಗಾಳಿ ತಡೆಯುವ ಜಾಕೆಟ್ ಮೇಲೆ.

ಎರಡೂ ಕೈ ಹುಟ್ಟಿನ ಮೇಲಿರುವುದರಿಂದ ತಿನ್ನುವುದು ಮರೆತೇಹೋಗುತ್ತದೆ. ಕುಡಿಯುವ ಕೊಳವೆ ಬಾಯಿಯ ಹತ್ತಿರ ಬರುವಂತೆ ಕಟ್ಟಿಕೊಳ್ಳಿ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗಬೇಕು. ಪೊಟ್ಟಣಗಳನ್ನು ಮರಗಟ್ಟಿದ ಬೆರಳಲ್ಲಿ ಬಿಚ್ಚಲು ಬರುವ ಹಾಗೆ ಮೊದಲೇ ಕತ್ತರಿಸಿಡಿ.

ಇನ್ನು ಕಾಲು. ಹೊಸ ದೋಣಿಯ ಸೀಟಿನಲ್ಲಿ ಒಂದು ಗಂಟೆ ಕೂತು ಚೆನ್ನಾಗಿದೆ ಅಂದವರಿಗೆ ಮೂರನೇ ಗಂಟೆಯಲ್ಲಿ ತೊಡೆಯಿಂದ ಕೆಳಗೆ ಏನಿದೆ ಅಂತ ಗೊತ್ತಾಗುವುದಿಲ್ಲ. ಸೈಕಲ್ ತುಳಿದು ಬಿಗಿದ ತೊಡೆಯೊಂದಿಗೆ ನೇರ ದೋಣಿಗೆ ಕೂತು ಅಭ್ಯಾಸ ಮಾಡಿ, ರೇಸಿನಲ್ಲಿ ಆಗುವುದೂ ಅದೇ. ನಾನು ಮೊದಲ ಸಲ ನಾಲ್ಕು ಗಂಟೆ ಕೂತು ದಂಡೆ ಮುಟ್ಟಿದಾಗ ಗತ್ತಿನಿಂದ ಎದ್ದು ನಿಂತೆ. ಕಾಲು ಇದ್ದರೆ ತಾನೆ? ಮೊಣಕಾಲುದ್ದ ನೀರಿನಲ್ಲಿ, ಸ್ನೇಹಿತರ ಎದುರು, ನಿಧಾನಕ್ಕೆ ಕುಸಿದು ಕೂತೆ. ಈಗ ದಂಡೆಗೆ ಐದು ನಿಮಿಷ ಇರುವಾಗಲೇ ಒಳಗೆ ಕಾಲ್ಬೆರಳು, ಮೀನಖಂಡ ಆಡಿಸಲು ಶುರು ಮಾಡುತ್ತೇನೆ. ಎದ್ದು ನಿಲ್ಲುವ ಮೊದಲು ಹಿಡಿದುಕೊಳ್ಳಲು ಯಾರಾದರೂ ಇದ್ದಾರಾ ಅಂತಲೂ ನೋಡುತ್ತೇನೆ.