ಅಮ್ಮಮ್ಮನ ಪಟ್ಟಿಯಲ್ಲಿ ‘ನಾನು’ ಎಲ್ಲಿದೆ?

ಪ್ರಶ್ನೆ: ಅಮ್ಮಮ್ಮನ ಹಳೇ ಪಟ್ಟಿ (ನೋಟುಪುಸ್ತಕ) ಸಿಕ್ಕಿದೆ. ಅಡಿಕೆ ಕೊನೆಕೊಯ್ಲಿನ ಕೂಲಿ, ಹಾಲಿನ ಲೆಕ್ಕ, ಮದುವೆ ಹಾಡು, ನಡುನಡುವೆ ‘ತವರಿಗೆ ಹೋಗಲಿಲ್ಲ, ಅಡಿಕೆ ಸುಲಿದಾಗಿಲ್ಲ’ ಎಂಬಂಥ ಸಾಲು. ಇದು ದಿನಚರಿಯೇ? ನಮ್ಮ ಹೆಂಗಸರು ತಮ್ಮ ಬಗ್ಗೆ ಬರೆಯತೊಡಗಿದ್ದು ಇಂಗ್ಲಿಷ್ ಶಾಲೆ ಬಂದ ಮೇಲಲ್ಲವೇ?
— ಶಿರಸಿಯ ಓದುಗರು

ದಿನಚರಿಯೇ, ಅನುಮಾನ ಬೇಡ. ಎರಡನೆಯ ಮಾತಿಗೆ ಎಷ್ಟು ಸಲ ಉತ್ತರಿಸಿದರೂ ಅದು ಮತ್ತೆ ಬರುತ್ತದೆ. ಈ ಸಲ ಪೂರ್ತಿ ಹೇಳಿಬಿಡುತ್ತೇನೆ.

ಹದಿನೇಳನೇ ಶತಮಾನದ ಮರಾಠಿ ಸಂತಕವಯಿತ್ರಿ ಬಹಿಣಾಬಾಯಿ ಯಾವ ಇಂಗ್ಲಿಷ್ ಶಾಲೆಗೆ ಹೋಗಿದ್ದರು? ಗಂಡ ಹೊಡೆದದ್ದು, ಅಕ್ಕರೆಯ ಕರು ಸತ್ತದ್ದು, ತುಕಾರಾಮರನ್ನು ಗುರುವೆಂದು ಒಪ್ಪಿದ್ದು, ಎಲ್ಲವೂ ಅವರ ಅಭಂಗಗಳಲ್ಲಿ, ಅಂದರೆ ಭಕ್ತಿಪದಗಳಲ್ಲಿ, ಇದೆ. ಬಂಗಾಳದ ರಾಸಸುಂದರಿ ದೇವಿಗೆ 12ನೇ ವಯಸ್ಸಿಗೇ ಮದುವೆ. ಮನೆಗೆಲಸದ ನಡುವೆ ‘ಚೈತನ್ಯ ಭಾಗವತ’ ಎಂಬ ಭಕ್ತಿಗ್ರಂಥದ ಒಂದು ಹಾಳೆಯನ್ನು ಅಡುಗೆಮನೆಯಲ್ಲಿ ಬಚ್ಚಿಟ್ಟು, ಮಗ ಅಕ್ಷರ ತಿದ್ದಿದ ತಾಳೆಗರಿಯ ಜೊತೆ ಹೋಲಿಸಿ ನೋಡುತ್ತ, ಯಾರಿಗೂ ತಿಳಿಯದಂತೆ ಓದು ಕಲಿತರು. ಗಂಡನ ಕುದುರೆ ಅಂಗಳದ ಭತ್ತ ತಿನ್ನುತ್ತಿದ್ದರೂ, ಅದರೆದುರು ಹೋಗಲು ನಾಚಿ ಒಳಗೇ ಉಳಿದರಂತೆ. ಮುಂದೆ ಅದನ್ನೂ ಬರೆದರು. ಪ್ರಾಣಿಯೊಂದಕ್ಕೆ ನಾನೇಕೆ ಅಂಜಿದೆ ಎಂದು ತನ್ನನ್ನೇ ಕೇಳಿಕೊಂಡರು. ಆ ಅಂಜಿದ ಸೊಸೆಯನ್ನು ಹೀಗೆ ನಿಲ್ಲಿಸಿ ಪ್ರಶ್ನಿಸುವವಳೇ ‘ನಾನು’. ಅವರ ‘ಅಮಾರ್ ಜೀಬನ್’ (ನನ್ನ ಬದುಕು) ಬಾಂಗ್ಲಾ ಭಾಷೆಯ ಮೊದಲ ಆತ್ಮಕಥೆ. ಇಂಗ್ಲಿಷಿನ ಗಂಧವೂ ಅಲ್ಲಿಲ್ಲ, ದಯವಿಟ್ಟು ಗಮನಿಸಿ!

ಶಾಲೆ, ಅಚ್ಚಿನ ಮನೆ ನೆರವಾದದ್ದು ನಿಜ. ಆದರೆ ಸಮಾಜ ಸುಧಾರಕ ಮಹಾದೇವ ಗೋವಿಂದ ರಾನಡೆಯವರ ಪತ್ನಿ ರಮಾಬಾಯಿ ರಾನಡೆ ಅವರ, 1910ರಲ್ಲಿ ಬಂದ ಮರಾಠಿ ನೆನಪುಗಳನ್ನು ನೋಡಿ. ಮೇಲ್ನೋಟಕ್ಕೆ ಅದು ಪತಿಯ ಕಥೆ. ಓದಲು ಕೂತ ಸೊಸೆಯನ್ನು ಮನೆಯ ಹೆಂಗಸರು ಚುಚ್ಚಿದ ಪುಟಗಳಲ್ಲಿ ಮಾತ್ರ ಆಕೆ ಎದ್ದು ಕಾಣುತ್ತಾರೆ. ನಿಮ್ಮ ಅಮ್ಮಮ್ಮನೂ ಹಾಗೇ. ಅಡಿಕೆ ಲೆಕ್ಕಕ್ಕೆ ತವರಿನ ಸಾಲು ಬೇಕಿರಲಿಲ್ಲ, ಆಕೆಗೆ ಬೇಕಿತ್ತು.

ಇನ್ನೊಂದು ಮಾತು. ಕಾರವಾರದ ಕೆಲವು ಕೊಂಕಣಿ ಮನೆಗಳಲ್ಲಿ ಅಜ್ಜಿಯರ ಬರಹ ಮರಾಠಿಯಲ್ಲಿದೆ ಎಂದು ಕಟ್ಟು ಬಿಚ್ಚದೆ ಇಟ್ಟಿದ್ದಾರೆ. 1862ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಕಾರವಾರದ ಕಡೆ ಮರಾಠಿ ಶಾಲೆ ನಡೆದವು. ಮನೆಯಲ್ಲಿ ಆಡಿದ್ದು ಕೊಂಕಣಿ, ಬರೆಯಲು ಸಿಕ್ಕಿದ್ದು ಮರಾಠಿ. ಓದಬಲ್ಲ ಹಿರಿಯರು ಇರುವಾಗಲೇ ಪಕ್ಕದಲ್ಲಿ ಕೂತು ಓದಿಸಿಕೊಳ್ಳಿ. ಹೆಸರು ಬಂದಲ್ಲೆಲ್ಲ ಅವರು ಯಾರೆಂದು ಬೇರೆ ಹಾಳೆಯಲ್ಲಿ ಬರೆದಿಡಿ. ಲೆಕ್ಕದ ಪುಟಗಳನ್ನು ಮಾತ್ರ ಹರಿಯಬೇಡಿ.