ಗಡಿ ಗಟ್ಟಿ ಇರಲಿ, ನಡು ಸಡಿಲ ಬಿಡಿ

ದಾವಣಗೆರೆಯಿಂದ ಒಬ್ಬ ಯುವತಿ ನಮ್ಮ ಟ್ರಾವೆಲ್ ಆಫೀಸಿಗೆ ಬಂದಿದ್ದರು. ಬ್ಯಾಂಕಿನಲ್ಲಿ ಕೆಲಸ ಮಾಡುವವರು. ಜೊತೆಗೆ ಅವರ ತಾಯಿ. ಮಗಳ ಕೈಯಲ್ಲಿ ಲ್ಯಾಪ್‌ಟಾಪ್, ತಾಯಿಯ ಮುಖದಲ್ಲಿ ಸಿಟ್ಟು. ಲ್ಯಾಪ್‌ಟಾಪ್ ತೆರೆದರೆ ಎಕ್ಸೆಲ್ ಶೀಟ್: 45 ದಿನ, 9 ದೇಶ. ದಿನಕ್ಕೊಂದು ಸಾಲು. ಹನೋಯ್‌ನಲ್ಲಿ ಯಾವ ಅಂಗಡಿಯಲ್ಲಿ ಕಾಫಿ ಕುಡಿಯಬೇಕು ಅನ್ನುವುದೂ ಅದರಲ್ಲಿತ್ತು. ಥಾಯ್ಲೆಂಡಿನಿಂದ ಲಾವೋಸ್‌ಗೆ ಯಾವ ಗಡಿ ಗೇಟಿನಲ್ಲಿ ದಾಟುತ್ತೀರಿ ಅಂತ ಕೇಳಿದೆ. ಸುಮ್ಮನಾದರು.

ಮೊದಲ ಸಲ ಒಬ್ಬರೇ ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಹೊರಡುವವರಲ್ಲಿ ನಾನು ಜಾಸ್ತಿ ನೋಡುವುದು ಇದನ್ನೇ. ದಿನಗಳನ್ನು ಬಿಗಿಯಾಗಿ ಕಟ್ಟಿರುತ್ತಾರೆ. ದೇಶದಿಂದ ದೇಶಕ್ಕೆ ದಾಟುವ ಜಾಗಗಳು ಮಾತ್ರ ಗಾಳಿಯಲ್ಲಿ ತೇಲುತ್ತಿರುತ್ತವೆ. ಆಗಬೇಕಾದ್ದು ಉಲ್ಟಾ. ಗಡಿಗಳು, ವೀಸಾ, ಮೊದಲ ಮೂರು ರಾತ್ರಿ, ವಾಪಸ್ ಟಿಕೆಟ್ ಗಟ್ಟಿ ಇರಬೇಕು. ನಡುವಿನ ದಿನಗಳಿಗೆ ನಮ್ಮ ಸಲಹೆಯೂ ಬೇಡ.

ಶೀಟಿನಿಂದ ಆರು ದೇಶ ತೆಗೆದೆವು. ಒಂದೊಂದು ತೆಗೆದಾಗಲೂ ಅವರಿಗೆ ಬೇಜಾರು. ಉಳಿದದ್ದು ಥಾಯ್ಲೆಂಡ್, ಲಾವೋಸ್, ವಿಯೆಟ್ನಾಂ. ಬ್ಯಾಂಕಾಕ್‌ನಲ್ಲಿ ಇಳಿದು, ಚಿಯಾಂಗ್ ಮಾಯ್ ನೋಡಿ, ಚಿಯಾಂಗ್ ಖೋಂಗ್ ಹತ್ತಿರ ಸೇತುವೆ ದಾಟಿದರೆ ಲಾವೋಸಿನ ಹುಯೆ ಸಾಯ್. ಅಲ್ಲಿಂದ ಮೆಕಾಂಗ್ ನದಿಯಲ್ಲಿ ನಿಧಾನದ ದೋಣಿ. ಎರಡು ದಿನದ ಪಯಣ. ರಾತ್ರಿ ಪಾಕ್‌ಬೆಂಗ್ ಎಂಬ ಸಣ್ಣ ಊರಲ್ಲಿ ಮಲಗಿ, ಮಾರನೇ ದಿನ ಸಂಜೆ ಲುವಾಂಗ್ ಪ್ರಬಾಂಗ್. ಆಮೇಲೆ ವಿಯೆಟ್ನಾಂನ ಹನೋಯ್, ಹುಯೆ, ಹೊಯ್ ಆನ್, ಹೋ ಚಿ ಮಿನ್ ನಗರ. ವಾಪಸ್ ವಿಮಾನ ಅಲ್ಲಿಂದಲೇ, ಮತ್ತೆ ಬ್ಯಾಂಕಾಕ್‌ಗೆ ಬರುವ ಗೊಡವೆಯೇ ಇಲ್ಲ.

ಯುರೋಪ್ ಯಾಕೆ ಮೊದಲು ಬೇಡ ಅಂತ ಕೆಲವರು ಕೇಳುತ್ತಾರೆ. ಅಲ್ಲಿಯ ಬಹಳಷ್ಟು ದೇಶಗಳಿಗೆ ಸೇರಿ ಒಂದೇ ಆದ ಷೆಂಗೆನ್ ವೀಸಾಕ್ಕೆ ಪ್ರತಿ ರಾತ್ರಿ ಎಲ್ಲಿ ಮಲಗುತ್ತೀರಿ ಅಂತ ಮೊದಲೇ ತೋರಿಸಬೇಕು. 30,000 ಯೂರೋ ಮೊತ್ತದ ವಿಮೆಯೂ ಬೇಕು. ತಪ್ಪೇನಲ್ಲ, ಆದರೆ ಊರು ಇಷ್ಟವಾದರೆ ಇನ್ನೆರಡು ದಿನ ಇರೋಣ ಅನ್ನುವ ಸುಖ ಅಲ್ಲಿ ಕಮ್ಮಿ. ಆಗ್ನೇಯ ಏಷ್ಯಾದಲ್ಲಿ ಆ ಸಡಿಲ ಇದೆ. ಥಾಯ್ಲೆಂಡ್ 2024ರ ಜುಲೈಯಲ್ಲಿ ಭಾರತೀಯರಿಗೆ ವೀಸಾ ಇಲ್ಲದ ವಾಸವನ್ನು 30 ದಿನದಿಂದ 60ಕ್ಕೆ ಏರಿಸಿತು. ಏರಿಸಿದವರು ಇಳಿಸಲೂಬಹುದು. ಹಾಗಾಗಿ ಟಿಕೆಟ್ ಮಾಡುವಾಗ ಒಮ್ಮೆ, ಹೊರಡುವ ಎರಡು ವಾರ ಮುಂಚೆ ಇನ್ನೊಮ್ಮೆ ಸರ್ಕಾರಿ ವೆಬ್‌ಸೈಟ್ ನೋಡಿ. ಯೂಟ್ಯೂಬ್ ವಿಡಿಯೋ ಸಾಲದು.

ಈಗ ನಮ್ಮವರಿಗೇ ವಿಶೇಷವಾದ ಒಂದು ತಲೆನೋವು: ಹೆಸರು. ಮನೆಯಲ್ಲಿ ಕರೆಯುವ ಹೆಸರಿನ ಮುಂದೆ ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ. ಪಾಸ್‌ಪೋರ್ಟ್ ಮಾಡಿಸುವಾಗ ಅವು ಬಿಡಿಸಿಕೊಂಡು ಎಲ್ಲೋ ಕೂರುತ್ತವೆ. ಎಷ್ಟೋ ಪಾಸ್‌ಪೋರ್ಟ್‌ಗಳಲ್ಲಿ ಸರ್‌ನೇಮ್ ಜಾಗವೇ ಖಾಲಿ. ವಿಮಾನದ ಟಿಕೆಟ್ ಸೈಟು ಸರ್‌ನೇಮ್ ಇಲ್ಲದೆ ಮುಂದಕ್ಕೆ ಬಿಡುವುದಿಲ್ಲ. ಆಗ ಜನ ಏನೋ ಒಂದು ತುಂಬುತ್ತಾರೆ. ಟಿಕೆಟ್ಟಿನಲ್ಲಿ ಒಂದು, ವೀಸಾದಲ್ಲಿ ಇನ್ನೊಂದು, ಪಾಸ್‌ಪೋರ್ಟಲ್ಲಿ ಮತ್ತೊಂದು. 2022ರ ನವೆಂಬರ್‌ನಲ್ಲಿ ಯುಎಇ ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಇಲ್ಲ ಎಂದಾಗ ನಮ್ಮ ಫೋನು ಒಂದು ವಾರ ಬಿಡುವಿಲ್ಲದೆ ಹೊಡೆದುಕೊಂಡಿತು. ಆಮೇಲೆ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಸಾಕು ಎಂದರು, ಅದು ಬೇರೆ.

ನಾನು ಹೇಳಿಕೊಡುವುದು ಸುಲಭದ ಉಪಾಯ. ಪಾಸ್‌ಪೋರ್ಟಿನ ಫೋಟೋ ಪುಟದ ಕೆಳಗೆ ಬಾಣದ ಗುರುತುಗಳಿರುವ ಎರಡು ಸಾಲು ಇರುತ್ತವಲ್ಲ, ಯಂತ್ರ ಓದುವುದು ಅದನ್ನೇ. ಜೋಡಿ ಬಾಣದ ಗುರುತಿನ ಎಡಕ್ಕಿರುವುದು ಸರ್‌ನೇಮ್, ಬಲಕ್ಕಿರುವುದು ನಿಮ್ಮ ಹೆಸರು. ಎಲ್ಲ ಫಾರಂಗಳಲ್ಲೂ ಅದನ್ನೇ ಇಳಿಸಿ. ಸರ್‌ನೇಮ್ ಇಲ್ಲದಿದ್ದರೆ ಟಿಕೆಟ್ ಮಾಡುವ ಮೊದಲೇ ಆ ವಿಮಾನ ಕಂಪನಿಗೆ ಫೋನ್ ಮಾಡಿ ಏನು ತುಂಬಬೇಕು ಕೇಳಿ. ಒಂದೊಂದರದ್ದು ಒಂದೊಂದು ಪದ್ಧತಿ. ದೊಡ್ಡ ಪ್ರವಾಸದ ಆಸೆ ಇರುವವರು ಆರು ತಿಂಗಳು ಮುಂಚೆ ಪಾಸ್‌ಪೋರ್ಟನ್ನೇ ಸರಿಮಾಡಿಸಿಕೊಳ್ಳುವುದು ಒಳ್ಳೆಯದು. ಅವಧಿಯೂ ಅಷ್ಟೇ, ಊರು ತಲುಪುವ ದಿನಕ್ಕೆ ಇನ್ನೂ ಆರು ತಿಂಗಳು ಬಾಕಿ ಇರಲಿ.

ಇನ್ನು ವಿಯೆಟ್ನಾಂ. 2023ರ ಆಗಸ್ಟ್‌ನಿಂದ ಅವರ ಇ-ವೀಸಾ 90 ದಿನದವರೆಗೆ ಸಿಗುತ್ತದೆ. ಒಂದು ಸಲದ ಪ್ರವೇಶಕ್ಕೆ 25 ಡಾಲರ್. 20 ದಿನ ಕೇಳಿದರೂ 90 ಕೇಳಿದರೂ ದುಡ್ಡು ಅಷ್ಟೇ. ಹಾಗಿದ್ದ ಮೇಲೆ ಜಾಸ್ತಿ ಕೇಳಿ. ಆರಂಭದ ದಿನಾಂಕ ತಲುಪುವ ದಿನಕ್ಕಿಂತ ಒಂದು ವಾರ ಮುಂಚಿನದು ಇರಲಿ. ತಡವಾಗಿ ಒಳಗೆ ಹೋಗಬಹುದು, ಮುಂಚೆ ಹೋಗಲಾಗುವುದಿಲ್ಲ. ಎಡವುವುದು ಎಲ್ಲಿ ಗೊತ್ತಾ? ಯಾವ ಗೇಟಿನಿಂದ ಒಳಗೆ ಬರುತ್ತೀರಿ ಅನ್ನುವ ಕಾಲಂನಲ್ಲಿ. ವಿಮಾನ ನಿಲ್ದಾಣ ಬರೆದು, ಆಮೇಲೆ ಲಾವೋಸಿನಿಂದ ಬಸ್ ಹತ್ತಿದವರಿದ್ದಾರೆ. ಕಾಡಿನ ನಡುವಿನ ಗೇಟಿನಲ್ಲಿ ಇಳಿಸಿ ಬಸ್ಸು ಮುಂದಕ್ಕೆ ಹೋಗಿಬಿಡುತ್ತದೆ. ರಸ್ತೆಯಲ್ಲಿ ಹೋಗುವವರು ಬಸ್ಸು ಯಾವ ಗೇಟು ದಾಟುತ್ತದೆ ಅಂತ ಕೇಳಿ, ಆ ಗೇಟು ಇ-ವೀಸಾ ಪಟ್ಟಿಯಲ್ಲಿದೆಯಾ ನೋಡಿ, ಆಮೇಲೆ ಅರ್ಜಿ ಹಾಕಬೇಕು.

ಲಾವೋಸ್ ಸೇತುವೆಯ ಹತ್ತಿರವೇ ವೀಸಾ ಕೊಡುತ್ತದೆ. ಫೋಟೋ ಇಟ್ಟುಕೊಳ್ಳಿ. ಡಾಲರ್ ನೋಟು ಹರಿದಿರಬಾರದು, ಗೀಚಿರಬಾರದು, ಮಡಚಿ ಮಡಚಿ ಸವೆದಿರಲೂಬಾರದು. ಮದುವೆಗೆ ಮುಯ್ಯಿ ಕೊಡುವಾಗ ಹುಡುಕುತ್ತೀವಲ್ಲ, ಅಂಥ ಗರಿಗರಿ ನೋಟು.

ಬೆಂಗಳೂರಿನ ಚೆಕ್-ಇನ್ ಕೌಂಟರ್ ಮೊದಲ ಗಡಿ ಅಂತಲೇ ಲೆಕ್ಕ ಇಟ್ಟುಕೊಳ್ಳಿ. ಥಾಯ್ಲೆಂಡಿನಿಂದ ಹೊರಹೋಗುವ ಟಿಕೆಟ್ ಎಲ್ಲಿ ಅಂತ ಅಲ್ಲೇ ಕೇಳುತ್ತಾರೆ. ನೀವು ಬಸ್ಸಲ್ಲಿ ಸೇತುವೆ ದಾಟುವವರು, ನಿಮ್ಮ ಹತ್ತಿರ ವಿಮಾನದ ಟಿಕೆಟ್ ಎಲ್ಲಿರುತ್ತದೆ? ಹೋ ಚಿ ಮಿನ್ ನಗರದಿಂದ ವಾಪಸ್ ಟಿಕೆಟ್, ವಿಯೆಟ್ನಾಂ ವೀಸಾ, ಚಿಯಾಂಗ್ ಮಾಯ್‌ನಿಂದ ಲಾವೋಸ್ ಕಡೆಯ ಬಸ್ ಬುಕಿಂಗ್, ಮೊದಲ ಮೂರು ರಾತ್ರಿಯ ಹಾಸ್ಟೆಲ್, ಬ್ಯಾಂಕ್ ಸ್ಟೇಟ್‌ಮೆಂಟ್. ಇವನ್ನು ಕಾಗದದ ಮೇಲೆ ಪ್ರಿಂಟ್ ತೆಗೆದುಕೊಂಡು ಹೋಗಿ. ಸುಳ್ಳು ಟಿಕೆಟ್ ಮಾಡಿಕೊಡುವ ಸೈಟುಗಳಿವೆ, ಅವುಗಳ ತಂಟೆಗೆ ಹೋಗಬೇಡಿ. ಥಾಯ್ಲೆಂಡಿನ ಡಿಜಿಟಲ್ ಆಗಮನ ಕಾರ್ಡ್ 2025ರ ಮೇ 1ರಿಂದ ಕಡ್ಡಾಯ. ತಲುಪುವುದಕ್ಕೆ ಮುಂಚಿನ ಮೂರು ದಿನದೊಳಗೆ ತುಂಬಬೇಕು. ಪೂರ್ತಿ ಉಚಿತ. ದುಡ್ಡು ಕೇಳುವ ಸೈಟು ತೆರೆದರೆ ಮುಚ್ಚಿಬಿಡಿ.

ಒಂಟಿ ಹುಡುಗರಿಗೆ ಇಮಿಗ್ರೇಷನ್‌ನಲ್ಲಿ ಪ್ರಶ್ನೆ ಜಾಸ್ತಿ. ಅದಕ್ಕೆ ಕಾರಣ ಇದೆ. ಥಾಯ್ಲೆಂಡಿನಲ್ಲಿ ಕೆಲಸ ಅಂತ ನಂಬಿಸಿ ಮ್ಯಾನ್ಮಾರ್‌ನ ಮ್ಯಾವಡ್ಡಿ ಕಡೆ ದಾಟಿಸಿ, ಆನ್‌ಲೈನ್ ವಂಚನೆಯ ಅಡ್ಡೆಗಳಲ್ಲಿ ಕೂಡಿಹಾಕಿದ ಪ್ರಕರಣಗಳು ಬಹಳ. 2025ರ ಮಾರ್ಚ್‌ನಲ್ಲಿ ಎರಡು ದಿನದಲ್ಲಿ 500ಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ಎರಡು ವಿಮಾನಗಳಲ್ಲಿ ಕರೆತಂದರು. ಅಧಿಕಾರಿ ಕೆದಕಿ ಕೇಳಿದರೆ ಮುಖ ಗಂಟು ಹಾಕಬೇಡಿ. ನಿಜ ಹೇಳಿ, ಕಾಗದ ತೋರಿಸಿ.

ಕಾಂಬೋಡಿಯಾ ಯಾಕೆ ತೆಗೆದಿರಿ ಅಂತ ಆ ಯುವತಿ ಕೊನೆವರೆಗೂ ಮುನಿಸಿಕೊಂಡಿದ್ದರು. ಆಂಗ್ಕೋರ್ ವಾಟ್ ನೋಡದೆ ಬರುವುದಾ ಅಂತ. ಆದರೆ 2025ರಲ್ಲಿ ಥಾಯ್ಲೆಂಡ್ ಮತ್ತು ಕಾಂಬೋಡಿಯಾ ಗಡಿಯಲ್ಲಿ ಗುಂಡು ಹಾರಿದವು, ರಸ್ತೆ ಗೇಟುಗಳು ಮುಚ್ಚಿದವು. ಎಷ್ಟೋ ವರ್ಷ ಬ್ಯಾಕ್‌ಪ್ಯಾಕರ್‌ಗಳು ಬಸ್ಸಲ್ಲಿ ಸಲೀಸಾಗಿ ದಾಟುತ್ತಿದ್ದ ದಾರಿ ಅದು. ಮೊದಲ ಪ್ರವಾಸದಲ್ಲಿ ಇಂಥದ್ದನ್ನು ನಂಬಿ ಹೊರಡಬಾರದು.

ಕಾಲದ ಲೆಕ್ಕವೂ ಇದೆ. ನಮ್ಮಲ್ಲಿ ರಜೆ ಅಂದರೆ ಏಪ್ರಿಲ್-ಮೇ. ಥಾಯ್ಲೆಂಡಿನ ಉತ್ತರಕ್ಕೂ ಲಾವೋಸಿಗೂ ಅದು ಕೆಟ್ಟ ಕಾಲ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೊಲ, ಕಾಡು ಸುಟ್ಟ ಹೊಗೆ, ಎದುರಿನ ಗುಡ್ಡವೇ ಕಾಣುವುದಿಲ್ಲ. ಏಪ್ರಿಲ್ ಮಧ್ಯದಲ್ಲಿ ಸೊಂಗ್‌ಕ್ರಾನ್ ಹಬ್ಬ, ಬಸ್ಸಲ್ಲಿ ಸೀಟು ಸಿಗದು. ಅಕ್ಟೋಬರ್-ನವೆಂಬರ್‌ನಲ್ಲಿ ಹುಯೆ, ಹೊಯ್ ಆನ್ ಕಡೆ ನೆರೆ. ಜನವರಿ ಕೊನೆಗೋ ಫೆಬ್ರವರಿಗೋ ಬರುವ ಟೆಟ್ ಹಬ್ಬಕ್ಕೆ ವಿಯೆಟ್ನಾಂನ ಅರ್ಧ ಅಂಗಡಿ ಬಾಗಿಲು ಹಾಕುತ್ತವೆ. ಡಿಸೆಂಬರ್ ಮೊದಲ ವಾರ ಹೊರಡಿ ಎಂದೆವು. ರಜೆ ಸಿಗಲ್ಲ ಅಂದವರು ಹೇಗೋ ಗಿಟ್ಟಿಸಿಕೊಂಡರು.

ದುಡ್ಡು. ವಿಮಾನ ಬಿಟ್ಟು ದಿನಕ್ಕೆ 2,500ರಿಂದ 3,000 ರೂಪಾಯಿ ಇಟ್ಟುಕೊಳ್ಳಿ, ಹಾಸ್ಟೆಲ್ ಮಂಚ, ರಸ್ತೆ ಬದಿ ಊಟ, ಬಸ್ಸು ಎಲ್ಲ ನಡೆಯುತ್ತದೆ. ಥಾಯ್ ಎಟಿಎಂ ಹೊರದೇಶದ ಕಾರ್ಡಿಗೆ ಪ್ರತಿ ಸಲ 200 ಬಾತ್‌ಗಿಂತ ಜಾಸ್ತಿ ಕೀಳುತ್ತದೆ. ಸಣ್ಣ ಸಣ್ಣದಾಗಿ ತೆಗೆಯಬೇಡಿ. ಯಂತ್ರ ರೂಪಾಯಿಯಲ್ಲಿ ಲೆಕ್ಕ ಹಾಕಲೇ ಅಂತ ಕೇಳಿದರೆ ಬೇಡ ಅನ್ನಿ, ಆ ದೇಶದ ಹಣವನ್ನೇ ಒತ್ತಿ. ಎಲ್ಲಕ್ಕಿಂತ ಮುಖ್ಯ, ನಮ್ಮ ಸಿಮ್‌ಗೆ ಇಲ್ಲಿಂದಲೇ ರೋಮಿಂಗ್ ಮಾಡಿಸಿ. ಒಟಿಪಿ ಬರದೆ ಖಾತೆಯಲ್ಲಿ ಲಕ್ಷ ಇದ್ದರೂ ಕೈ ಖಾಲಿ ಕೂತವರು ಪಾಕ್‌ಬೆಂಗ್‌ನಲ್ಲೂ ಇದ್ದಾರೆ, ಹನೋಯ್‌ನಲ್ಲೂ ಇದ್ದಾರೆ.

ಊಟದ ಪ್ರಶ್ನೆ ತಾಯಿಯದು. "ಮೊಟ್ಟೆನೂ ತಿನ್ನಲ್ಲ ಸರ್ ಇವಳು, ಅಲ್ಲಿ ಏನು ತಿಂತಾಳೆ?" ಅಮ್ಮಾ, ಎರಡು ಮಾತು ಕಲಿತರೆ ಸಾಕು ಎಂದೆ. ಥಾಯ್ಲೆಂಡಿನಲ್ಲಿ 'ಜೇ'. ಹಳದಿ ಬಟ್ಟೆಯ ಮೇಲೆ ಕೆಂಪು ಅಕ್ಷರದ ಬೋರ್ಡು ಕಂಡರೆ ಅಲ್ಲಿ ಮಾಂಸ, ಮೀನು, ಮೊಟ್ಟೆ ಇಲ್ಲ. ಬೆಳ್ಳುಳ್ಳಿ, ಈರುಳ್ಳಿ ಕೂಡ ಹಾಕುವುದಿಲ್ಲ. ಸುಮ್ನೆ ತರಕಾರಿ ಅಂದರೆ ಮೀನಿನ ಸಾಸ್ ಬಿದ್ದೇ ಬೀಳುತ್ತದೆ. ವಿಯೆಟ್ನಾಂನಲ್ಲಿ 'ಚಾಯ್'. ಅಲ್ಲಿಯ ಬೌದ್ಧರು ತಿಂಗಳ ಮೊದಲ ದಿನ, ಹದಿನೈದನೇ ದಿನ ಮಾಂಸ ಬಿಡುತ್ತಾರೆ. ಚಂದ್ರಮಾನದ ತಿಂಗಳು. ಅಂದರೆ ಅಮಾವಾಸ್ಯೆ, ಹುಣ್ಣಿಮೆಯ ಲೆಕ್ಕ. ಇದನ್ನು ಕೇಳಿದ ಮೇಲೆ ತಾಯಿಯ ಮುಖ ಸ್ವಲ್ಪ ಸಡಿಲವಾಯಿತು.

ಬೈಕ್ ಬಾಡಿಗೆ ವಿಷಯದಲ್ಲಿ ನಾನು ಹಠಮಾರಿ. ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ದೇಶಗಳ ನಡುವಿನ 1949ರ ರಸ್ತೆ ಸಂಚಾರ ಒಪ್ಪಂದದ್ದು. ಥಾಯ್ಲೆಂಡಿನಲ್ಲಿ ನಡೆಯುತ್ತದೆ. ವಿಯೆಟ್ನಾಂ ಒಪ್ಪುವುದು 1968ರದ್ದನ್ನು. ಬಾಡಿಗೆ ಅಂಗಡಿಯವರು ಏನೂ ಕೇಳದೆ ಕೀ ಕೊಡುತ್ತಾರೆ, ನಿಜ. ಬಿದ್ದು ಕಾಲು ಮುರಿದರೆ ವಿಮೆಯವರು ಮೊದಲು ಕೇಳುವುದೇ ಲೈಸೆನ್ಸ್. ವಿಯೆಟ್ನಾಂ ಉತ್ತರದ ಹಾ ಜಿಯಾಂಗ್ ಗುಡ್ಡದ ದಾರಿ ನೋಡಲೇಬೇಕು ಅನ್ನುವವರಿಗೆ ಸ್ಥಳೀಯ ಸವಾರರ ಹಿಂದೆ ಕೂತು ಹೋಗುವ ವ್ಯವಸ್ಥೆ ಇದೆ. ಇನ್ನೊಂದು: ಪುಕ್ಕಟೆ ಕೊಡುವ ಮದ್ಯ ಮುಟ್ಟಬೇಡಿ. 2024ರ ನವೆಂಬರ್‌ನಲ್ಲಿ ಲಾವೋಸಿನ ವಾಂಗ್ ವಿಯೆಂಗ್‌ನಲ್ಲಿ ಮೆಥನಾಲ್ ಎಂಬ ವಿಷ ಬೆರೆತ ಮದ್ಯದಿಂದ ಆರು ವಿದೇಶಿ ಪ್ರವಾಸಿಗರು ಸತ್ತರು.

ಏಷ್ಯಾ ಆಚೆಗೆ ಹೋಗುವುದನ್ನು ಎರಡನೇ ಸಲಕ್ಕೆ ಇಡಿ. ಕೀನ್ಯಾ, ಇಥಿಯೋಪಿಯಾ, ಬ್ರೆಜಿಲ್ ಕಡೆ ಹೋಗಿ ಬರುವವರು ಹಳದಿ ಜ್ವರದ ಲಸಿಕೆ ಹೊರಡುವ ಹತ್ತು ದಿನ ಮೊದಲಾದರೂ ಹಾಕಿಸಿರಬೇಕು. ಇಲ್ಲದಿದ್ದರೆ ವಾಪಸ್ ಬಂದಾಗ ನಮ್ಮ ವಿಮಾನ ನಿಲ್ದಾಣದಲ್ಲೇ ಹಿಡಿದು ಆರು ದಿನದವರೆಗೆ ಪ್ರತ್ಯೇಕ ಇಡಬಹುದು.

ಡಿಸೆಂಬರ್‌ನಲ್ಲಿ ಆ ಯುವತಿ ಹೊರಟರು. ಬ್ಯಾಗು ಏಳು ಕೆಜಿ, ಅದರಲ್ಲಿ ಚಟ್ನಿಪುಡಿಯೇ ಅರ್ಧ ಕೆಜಿ. ಹತ್ತು ದಿನ ಸುದ್ದಿ ಇಲ್ಲ. ಹನ್ನೊಂದನೇ ದಿನ ಲಾವೋಸಿನ ನೋಂಗ್ ಖಿಯಾವ್‌ನಿಂದ ಮೆಸೇಜ್. ಅದು ನಮ್ಮ ಪ್ಲಾನಿನಲ್ಲೇ ಇಲ್ಲದ ಊರು. "ಸರ್, ಹನೋಯ್‌ಗೆ ವಿಮಾನದಲ್ಲಿ ಹೋಗಲ್ಲ. ಇಲ್ಲಿಂದ ರಸ್ತೆಯಲ್ಲೇ ದಿಯೆನ್ ಬಿಯೆನ್ ಫು ಕಡೆ ಹೋಗ್ತೀನಿ. ವೀಸಾದಲ್ಲಿ ಗೇಟು ಬದಲಾಯಿಸಬಹುದಾ?"

ಬದಲಾಯಿಸಲು ಬರುವುದಿಲ್ಲ, ಹೊಸ ಅರ್ಜಿ ಹಾಕಬೇಕು, ಮತ್ತೆ 25 ಡಾಲರ್, ಕೆಲವು ದಿನ ಕಾಯಬೇಕು, ಆ ದಾರಿಯ ತಾಯ್ ತ್ರಾಂಗ್ ಗೇಟು ಅಂತ ಬರೆಯಿರಿ ಎಂದು ಉತ್ತರಿಸಿದೆ.

ಐದೇ ನಿಮಿಷಕ್ಕೆ ಮರು ಮೆಸೇಜ್ ಬಂತು. "ಹಾಕಿದೆ ಸರ್. ಕಾಯೋಕೇನು, ಇಲ್ಲಿ ನದಿ ಚೆನ್ನಾಗಿದೆ. ಅಮ್ಮನಿಗೆ ನೀವೇ ಒಂದು ಮಾತು ಹೇಳಿಬಿಡಿ."